ಪ್ಲಾಸ್ಟಿಕ್ ಅಕ್ಕನ ಯಜಮಾನರು

ನಮ್ಮ ಊಟದ ಮೇಜಿನ ಮೇಲೆ ಹಾಸಿರುವ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಗೆ ಒಂದು ಮೂಲೆಯಿಲ್ಲ. ಗೋಡೆಯ ಕಡೆಗೆ, ಅಂಗೈಯಗಲದಷ್ಟು ಜಾಗ ಖಾಲಿ. ಊಟಕ್ಕೆ ಕೂತ ನೆಂಟರು ಯಾರಾದರೂ "ಇದೆಂತ ಆದದ್ದು?" ಎಂದು ಕೇಳಿದರೆ ನನ್ನ ಹೆಂಡತಿ ಸಾರು ಬಡಿಸುತ್ತಲೇ "ಇಲಿ" ಎನ್ನುತ್ತಾಳೆ. ಹೇಳಿ ನನ್ನ ಮುಖ ನೋಡುವುದೂ ಇಲ್ಲ. ನೋಡಿದ್ದರೆ ವಾಸಿಯಿತ್ತು. ಆ ಇಲಿ ನಾನು.

ಗಂಡನಿಗೆ ಹೆಂಡತಿಯ ವಿಷಯದಲ್ಲಿ ಹೊಟ್ಟೆಕಿಚ್ಚು ಎಂದರೆ ಜನ ಕೂಡಲೇ ಮತ್ತೊಬ್ಬ ಗಂಡಸನ್ನು ಹುಡುಕಲು ಶುರುಮಾಡುತ್ತಾರೆ. ಅಂಥದ್ದೇನೂ ಇಲ್ಲ ಮಾರಾಯ್ರೆ. ನನಗೆ ಹೊಟ್ಟೆ ಉರಿದದ್ದು ಅವಳ ಕಿವಿಯನ್ನು ಕಂಡು, ಅವಳ ಬೆರಳುಗಳನ್ನು ಕಂಡು. ಈ ವಯಸ್ಸಿನಲ್ಲಿ ಇದನ್ನು ಬರೆದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಅವಳು ಓದಲಿ.

ನಾನು ಸುಳ್ಯದ ಕಾಲೇಜೊಂದರಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು. ಬೆಳಿಗ್ಗೆ ಕೆದಂಬಾಡಿಯಿಂದ ಬಸ್ಸು ಹಿಡಿಯುವುದು, ಸಂಜೆ ಅಂಗಿಯ ತೋಳಿನ ತುಂಬ ಸೀಮೆಸುಣ್ಣದ ಪುಡಿ ಹೊತ್ತು ಮನೆಗೆ ಬರುವುದು. ಬಸ್ಸಿನಲ್ಲಿ ಎದ್ದು ಸೀಟು ಕೊಡುವವರಿದ್ದರು. "ಸರ್, ನಮ್ಮ ಬಾವಿ ನೀರು ಕೆಂಪಗೆ ಬರ್ತಾ ಉಂಟು, ಎಂತ ಮಾಡುದು?" ಎಂದು ಕೇಳುವವರಿದ್ದರು. ನಿವೃತ್ತನಾದ ಮರುದಿನದಿಂದ ಯಾರೂ ಏನೂ ಕೇಳಲಿಲ್ಲ. ಹೆಂಡತಿ ಮಾತ್ರ ಕೇಳಿದಳು, "ಸುಮ್ನೆ ಕೂತಿದ್ದೀರಲ್ಲ, ಎರಡು ಕಾಯಿ ಸುಲಿದು ಕೊಡ್ತೀರಾ?"

ಅದೇ ಹೊತ್ತಿಗೆ ನಮ್ಮ ಪಂಚಾಯಿತಿಯವರು ಒಣ ಕಸಕ್ಕೆಂದು ತಗಡಿನ ಮಾಡಿನ ಒಂದು ಶೆಡ್ಡು ಕಟ್ಟಿಸಿದರು. ಮನೆಮನೆಯ ಪ್ಲಾಸ್ಟಿಕ್ಕನ್ನು ಗಾಡಿಯಲ್ಲಿ ತಂದು ಅಲ್ಲಿ ವಿಂಗಡಿಸುವ ಕೆಲಸ ಮಹಿಳಾ ಸಂಘಕ್ಕೆ ಸಿಕ್ಕಿತು. ಸಂಘದಲ್ಲಿದ್ದ ನನ್ನ ಹೆಂಡತಿ ಒಂದು ಬೆಳಿಗ್ಗೆ ಹಳೆಯ ಸೀರೆ ಉಟ್ಟು ಹೊರಟು ನಿಂತಳು.

"ಕಸ ಹೆಕ್ಕಲಿಕ್ಕೆ ಹೋಗುದಾ?" ಎಂದು ನಕ್ಕೆ.

"ಹೆಕ್ಕುದಲ್ಲ, ಆರಿಸುದು," ಎಂದಳು. "ಮನೆಯಲ್ಲಿ ಇಷ್ಟು ವರ್ಷ ಅಡಿಕೆ ಆರಿಸಿದ್ದು ಯಾರು? ನೀವಾ?"

ಅವಳು ಹೇಳಿದ್ದು ಹೌದು. ನಮ್ಮ ಕಡೆ ಅಂಗಳದಲ್ಲಿ ಹರಡಿದ ಅಡಿಕೆ ಒಣಗಿತೋ ಇಲ್ಲವೋ ಎಂದು ತಿಳಿಯಲು ಅದನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತಾರೆ. ಒಣಗಿದ್ದರೆ ಸಿಪ್ಪೆಯೊಳಗೆ ಕಾಯಿ ಗಟಗಟ ಎನ್ನುತ್ತದೆ. ಈ ಕೆಲಸ ಎಲ್ಲರಿಗೂ ಬರುತ್ತದೆ, ನನಗೂ ಬರುತ್ತದೆ. ಆದರೆ ನನ್ನ ಹೆಂಡತಿ ಕುಲುಕಿ, "ಇದಕ್ಕೆ ಇನ್ನು ನಾಲ್ಕು ಬಿಸಿಲು ಬೇಕು, ಇದಕ್ಕೆ ಎರಡು ಸಾಕು" ಎನ್ನುತ್ತಿದ್ದಳು. ನಾಲ್ಕು ಎಂದರೆ ನಾಲ್ಕೇ. ಐದನೆಯ ದಿನ ಒಡೆದು ನೋಡಿ ನಾನು ಸುಮ್ಮನಾಗುತ್ತಿದ್ದೆ.

ಆ ಕಿವಿಯನ್ನೇ ಅವಳು ಶೆಡ್ಡಿಗೆ ಕೊಂಡುಹೋದಳು. ಒಂದೊಂದು ಪ್ಲಾಸ್ಟಿಕ್ಕನ್ನೂ ಕಿವಿಯ ಬಳಿ ಹಿಡಿದು ಮುದುಡುವುದು, ಬುಟ್ಟಿಗೆ ಎಸೆಯುವುದು. ಹಾಲಿನ ಕವರು ಮೆತ್ತಗೆ ಸುಯ್ ಎನ್ನುತ್ತದೆ, ಒಂದು ಬುಟ್ಟಿ. ಚಿಪ್ಸಿನ ಕವರು ಚರಪರ ಎನ್ನುತ್ತದೆ, ಇನ್ನೊಂದು ಬುಟ್ಟಿ. ಮುದುಡಿದರೂ ಸದ್ದೇ ಮಾಡದ, ಕೈಗೆ ಭಾರವಾಗಿ ತಣ್ಣಗೆ ಅಂಟುವ ಒಂದು ಜಾತಿಯಿದೆ. ಅದಕ್ಕೆ ಅವಳು 'ಮೂಕಿ' ಎಂದು ಹೆಸರಿಟ್ಟಳು. ಶೆಡ್ಡಿನ ಹೆಂಗಸರೆಲ್ಲ ಮೂಕಿ ಎನ್ನತೊಡಗಿದರು. "ಅಕ್ಕಾ, ಇದು ಮೂಕಿಯಾ ನೋಡಿ" ಎಂದು ಸಾಲಾಗಿ ಬಂದು ಅವಳ ಮುಂದೆ ಹಿಡಿಯುತ್ತಿದ್ದರು.

ಅವಳ ಮೂಕಿ ಎಂದರೆ ಪಿವಿಸಿ. ಕ್ಲೋರಿನ್ ಇರುವ ಪ್ಲಾಸ್ಟಿಕ್. ಇದನ್ನು ಹೇಳಬೇಕಾದವನು ನಾನಲ್ಲವೇ? ಒಂದು ದಿನ ತಾಮ್ರದ ತಂತಿ ಹಿಡಿದುಕೊಂಡು ಶೆಡ್ಡಿಗೆ ಹೋದೆ. ತಂತಿಯನ್ನು ಕಾಯಿಸಿ, ಪ್ಲಾಸ್ಟಿಕ್ಕಿಗೆ ತಾಗಿಸಿ, ಮತ್ತೆ ಬೆಂಕಿಗೆ ಹಿಡಿದರೆ ಪಿವಿಸಿಯಾದರೆ ಜ್ವಾಲೆ ಹಸಿರಾಗುತ್ತದೆ. ಕಾಲೇಜಿನಲ್ಲಿ ಇದನ್ನು ಮಾಡಿ ತೋರಿಸಿದರೆ ಹುಡುಗಿಯರು 'ಓ' ಎನ್ನುತ್ತಿದ್ದರು. ಅವಳ ಮೂಕಿ ಬುಟ್ಟಿಯಿಂದ ಇಪ್ಪತ್ತು ತುಂಡು ತೆಗೆದು ಹಿಡಿದೆ. ಇಪ್ಪತ್ತೂ ಹಸಿರು. ಬೇರೆ ಬುಟ್ಟಿಗಳಿಂದ ಇಪ್ಪತ್ತು ತೆಗೆದೆ. ಒಂದೂ ಹಸಿರಾಗಲಿಲ್ಲ. ಗಾಡಿ ಓಡಿಸುವ ಹೆಂಗಸು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಸರ್, ಇಷ್ಟು ಹೊತ್ತಿಗೆ ಅಕ್ಕ ಒಂದು ಚೀಲ ಆರಿಸಿ ಆಗ್ತಿತ್ತು," ಎಂದಳು.

ನನಗೆ ಸಂತೋಷವಾಗಬೇಕಿತ್ತು, ನನ್ನ ಹೆಂಡತಿಯಲ್ಲವೇ? ಆಗಲಿಲ್ಲ. ಮೈಯೆಲ್ಲ ಉರಿಯಿತು. ತಂತಿಯನ್ನು ಅಲ್ಲೇ ತೋಡಿಗೆ ಬಿಸಾಡಿ ಮನೆಗೆ ಬಂದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಶೆಡ್ಡಿನಲ್ಲಿ ಆರಿಸಿದ್ದರಲ್ಲಿ ಬಾಟ್ಲಿ, ಡಬ್ಬ ಎಲ್ಲ ಗುಜರಿಯವರಿಗೆ ಹೋಗುತ್ತಿತ್ತು. ಹಾಲಿನ ಕವರು, ತಿಂಡಿಯ ಕವರು, ರಬ್ಬರ್ ಮರಕ್ಕೆ ಮಳೆಗಾಲದಲ್ಲಿ ಲಂಗದ ಹಾಗೆ ಕಟ್ಟುವ ಪ್ಲಾಸ್ಟಿಕ್ಕು, ಇವುಗಳನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ರಾಶಿ ಮಾಡಿಗೆ ತಾಗಿತು. ಆಗ ಘಟ್ಟದ ಮೇಲಿನ ಒಂದು ಉಕ್ಕಿನ ಕಾರ್ಖಾನೆಯವರು ಇಂಥ ಪ್ಲಾಸ್ಟಿಕ್ಕನ್ನು ತಮ್ಮ ಕೋಕ್ ಒಲೆಗಳಿಗೆ ಹಾಕಿ ನೋಡುತ್ತಿದ್ದಾರೆಂದು ಸುದ್ದಿ ಬಂತು. ಅಲ್ಲಿನ ಇಂಜಿನಿಯರೊಬ್ಬರು ಶೆಡ್ಡು ನೋಡಲು ಬರುತ್ತಾರೆಂದು ಗೊತ್ತಾಯಿತು.

ಪಂಚಾಯಿತಿಯ ಪಿಡಿಒ ಮೇಡಂ ನೇರವಾಗಿಯೇ ಹೇಳಿದ್ದರು, "ಇವರು ತಗೊಂಡ್ರೆ ಶೆಡ್ಡು ನಡೀತದೆ. ತಗೊಳ್ಳದಿದ್ರೆ ನಾನು ಇದನ್ನು ಹೊರಗಿನ ಗುತ್ತಿಗೆದಾರರಿಗೆ ಕೊಡುದೇ, ನನ್ನ ಹತ್ರ ಬೇರೆ ದಾರಿ ಇಲ್ಲ." ಗುತ್ತಿಗೆದಾರ ತನ್ನ ಜನರನ್ನು ತರುತ್ತಾನೆ. ಶೆಡ್ಡಿನ ಆರು ಹೆಂಗಸರು ಮನೆಗೆ. ಗಾಡಿ ಓಡಿಸುವವಳಿಗೆ ಆ ಗಾಡಿಯೊಂದೇ ಆಧಾರ. ನನ್ನ ಹೆಂಡತಿಗೆ ಹೊಟ್ಟೆಪಾಡಿನ ಚಿಂತೆಯಿಲ್ಲ ನಿಜ. ಆದರೆ ಉಳಿದ ಐದು ಮಂದಿಯನ್ನು ಮನೆಮನೆಗೆ ಹೋಗಿ ಕರೆದು ತಂದವಳು ಅವಳು. ಆ ದಿನಗಳಲ್ಲಿ ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ನಾನು ತಯಾರಾದೆ. ಪುತ್ತೂರಿಗೆ ಹೋಗಿ ದೊಡ್ಡ ಡ್ರಾಯಿಂಗ್ ಶೀಟು ತಂದು ಕೋಕ್ ಒಲೆಯ ಚಿತ್ರ ಬರೆದೆ. ಎತ್ತರದ ಕಿರಿದಾದ ಕೋಣೆಗಳ ಸಾಲು, ಅದರೊಳಗೆ ಕಲ್ಲಿದ್ದಲು. ಗಾಳಿ ಸೋಕದಂತೆ ಬಾಗಿಲು ಮುಚ್ಚಿ ಹೊರಗಿನಿಂದ ಕಾಯಿಸುತ್ತಾರೆ. ಕಲ್ಲಿದ್ದಲು ಉರಿಯುವುದಿಲ್ಲ, ಬೇಯುತ್ತದೆ. ಕೊನೆಗೆ ಉಳಿಯುವ ಗಟ್ಟಿ ಇದ್ದಿಲೇ ಕೋಕ್, ಕಬ್ಬಿಣ ಕರಗಿಸುವ ಕುಲುಮೆಗೆ ಅದೇ ಬೇಕು. ಕಲ್ಲಿದ್ದಲಿನ ಜೊತೆ ಪ್ಲಾಸ್ಟಿಕ್ಕಿನ ಸಣ್ಣ ಉಂಡೆಗಳನ್ನು ಸ್ವಲ್ಪ ಬೆರೆಸಿದರೆ ಅದೂ ಅಲ್ಲೇ ಬೆಂದು ಅನಿಲವಾಗಿ, ಎಣ್ಣೆಯಾಗಿ, ಒಂದಿಷ್ಟು ಕೋಕ್ ಆಗಿ ಮೂರು ಪಾಲಾಗುತ್ತದೆ. ಕ್ಲೋರಿನ್ ಮಾತ್ರ ಒಳಗೆ ಹೋಗಬಾರದು, ಹೋದರೆ ಕೊಳವೆಗಳನ್ನು ತಿಂದುಹಾಕುತ್ತದೆ. ಬಾಣದ ಗುರುತು ಹಾಕಿ ಮೂರು ಬಣ್ಣದಲ್ಲಿ ಬರೆದಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿ ಶೀಟನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದೆ.

ಇಂಜಿನಿಯರು ಬಂದರು, ಸಣ್ಣ ಪ್ರಾಯದವರು, ಒಳ್ಳೆಯ ಮಾತು. ತಮ್ಮ ಒಲೆಯ ಬಗ್ಗೆ ಹೆಂಗಸರಿಗೆ ಹೇಳಲು ಶುರುಮಾಡಿ, "ಹೇಗೆ ಹೇಳುದಪ್ಪ ಇದನ್ನು" ಎಂದು ತಡವರಿಸಿದರು. ನಾನು ಶೀಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಪಕ್ಕದವಳಿಗೆ ಹೇಳುವುದು ಕೇಳಿಸಿತು.

"ತೆಂಗಿನ ಗೆರಟೆ ಇದ್ದಿಲು ಮಾಡ್ತೇವಲ್ಲ, ಹೊಂಡದಲ್ಲಿ ಹಾಕಿ, ಗಾಳಿ ಹೋಗದ ಹಾಗೆ ಮಣ್ಣು ಮುಚ್ಚಿ? ಅದೇ. ಇವರದ್ದು ದೊಡ್ಡ ಹೊಂಡ, ಅಷ್ಟೇ."

"ಅಷ್ಟೇ ನೋಡಿ! ಅಕ್ಕ ಒಂದೇ ಮಾತಲ್ಲಿ ಹೇಳಿಬಿಟ್ರು," ಎಂದು ಇಂಜಿನಿಯರು ಚಪ್ಪಾಳೆ ತಟ್ಟಿದರು. ಆಮೇಲೆ ಅರ್ಧ ದಿನ ಅವಳ ಪಕ್ಕದಲ್ಲೇ ಮಣೆ ಹಾಕಿ ಕೂತು ಕಿವಿಯಲ್ಲಿ ಆರಿಸುವುದು ಹೇಗೆಂದು ಕಲಿತರು. ಹೊರಡುವಾಗ, "ಒಂದು ಲೋಡು ಕಳಿಸಿ ಅಕ್ಕ. ನಮ್ಮ ಲ್ಯಾಬಿನಲ್ಲಿ ಪಾಸಾದ್ರೆ ಪ್ರತಿ ತಿಂಗಳೂ ತಗೊಳ್ತೇವೆ" ಎಂದರು. ನನ್ನ ಶೀಟನ್ನು ಯಾರೂ ಕೇಳಲಿಲ್ಲ. ಮನೆಗೆ ತಂದು ಕಪಾಟಿನ ಮೇಲೆ ಎಸೆದೆ. ಅದು ಈಗಲೂ ಅಲ್ಲೇ ಇದೆ, ಜಿರಳೆಗಳಿಗೆ ಮೂರು ಬಣ್ಣದಲ್ಲಿ ಪಾಠ ಹೇಳಿಕೊಂಡು.

ಆಮೇಲಿನ ವಾರ ಕಡಬದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಎದುರು ಕೂತವನು ನನ್ನನ್ನೇ ನೋಡುತ್ತಿದ್ದ. ನನಗೆ ಗುರುತು ಸಿಕ್ಕಿತು. ಇಚಿಲಂಪಾಡಿಯವನು, ಮೂರು ವರ್ಷ ನನ್ನ ಕ್ಲಾಸಿನ ಮುಂದಿನ ಬೆಂಚಿನಲ್ಲಿ ಕೂತವನು, ಪಾಸಾಗಲಿ ಎಂದು ನಾನೇ ಎರಡು ಸಲ ಮನೆಗೆ ಕರೆದು ಹೇಳಿಕೊಟ್ಟವನು. ನೆಟ್ಟಗೆ ಕೂತೆ. ಅವನು ಕೈ ತೊಳೆದು ಹತ್ತಿರ ಬಂದು ನಮಸ್ಕಾರ ಮಾಡಿದ.

"ನಿಮ್ಮನ್ನು ಎಲ್ಲೋ ನೋಡಿದ್ದೇನೆ ಅಂತ ಯೋಚಿಸ್ತಾ ಇದ್ದೆ. ಅಕ್ಕ ನಮ್ಮೂರಿಗೆ ಬಂದು ಹೆಂಗಸರಿಗೆ ಕಸ ಆರಿಸ್ಲಿಕ್ಕೆ ಹೇಳಿಕೊಟ್ಟಿದ್ರು, ಅವತ್ತು ಸ್ಕೂಟರಿನಲ್ಲಿ ಬಿಟ್ಟು ಹೋದದ್ದು ನೀವೇ ಅಲ್ವಾ? ಪ್ಲಾಸ್ಟಿಕ್ ಅಕ್ಕನ ಯಜಮಾನ್ರು!"

ಥತ್! ಮೂವತ್ತು ವರ್ಷದ ಮೇಷ್ಟರಿಕೆ ಒಂದು ಸ್ಕೂಟರಿನ ಹಿಂದೆ ಹೋಯಿತು. ಹೌದು ಎಂದೆ. ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡಿದ್ದೆ, ಹಾಗೆಯೇ ಎಲೆಯಲ್ಲಿ ಬಿಟ್ಟು ಎದ್ದೆ. ದಾರಿಯುದ್ದಕ್ಕೂ ಹೆಂಡತಿ ಹಿಂದೆ ಕೂತು ಮದುವೆಯ ಸೀರೆಗಳ ಬಗ್ಗೆ ಮಾತಾಡುತ್ತಿದ್ದಳು.

ಲೋಡು ಕಳಿಸುವ ದಿನ ಹತ್ತಿರ ಬಂದಾಗ ಮಾಲು ಸ್ವಲ್ಪ ಕಡಿಮೆ ಬಿತ್ತು. ಲಾರಿ ತುಂಬದೆ ಕಳಿಸುವ ಹಾಗಿಲ್ಲ. ಆಗ ನಾನು ಮುಂದೆ ಬಂದೆ. ನಮ್ಮ ತೋಟದ ಗೊಬ್ಬರದ ಖಾಲಿ ಚೀಲಗಳು ಕೊಟ್ಟಿಗೆಯ ಅಟ್ಟದಲ್ಲಿ ರಾಶಿ ಬಿದ್ದಿದ್ದವು. ಅಕ್ಕಪಕ್ಕದ ತೋಟದವರಿಂದಲೂ ಕೇಳಿ ತಂದೆ. ಎಲ್ಲ ಪೊಟ್ಯಾಷ್ ಚೀಲಗಳು. ಅಡಿಕೆಗೆ ಆ ಕೆಂಪು ಹರಳನ್ನು ಹಾಕದವರು ನಮ್ಮಲ್ಲಿಲ್ಲ. ಶೆಡ್ಡಿನ ಮುಂದೆ ಸುರಿದಾಗ ಹೆಂಗಸರು, "ದೇವೆರೆ! ಲೋಡು ಆಯ್ತು ಸರ್" ಎಂದು ಕುಣಿಯುವುದೊಂದು ಬಾಕಿ.

ನನ್ನ ಹೆಂಡತಿ ಒಂದು ಚೀಲ ಎತ್ತಿ ಕಿವಿಯ ಬಳಿ ಮುದುಡಿದಳು. "ಜಾತಿ ಸರಿ ಉಂಟು," ಎಂದಳು. ಆಮೇಲೆ ಒಳಗೆ ಕೈ ಹಾಕಿ ಸವರಿ ಬೆರಳು ಉಜ್ಜಿ ನೋಡಿದಳು.

"ಇದು ಬೆವರಿದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಬೆವರ್ತದಲ್ಲ, ಹಾಗೆ. ತೊಳೀಬೇಕು."

"ತೊಳೆಯುದಾ? ನಾಡಿದ್ದು ಲಾರಿ ಬರ್ತದೆ," ಎಂದೆ. "ಇಷ್ಟನ್ನು ತೊಳೆದು ಯಾವಾಗ ಒಣಗಿಸುದು, ಈ ಮೋಡದಲ್ಲಿ?"

"ಲಾರಿಯವರಿಗೆ ಎರಡು ದಿನ ಬಿಟ್ಟು ಬರ್ಲಿಕ್ಕೆ ಹೇಳುವ."

"ಬೇಡ ಅಂದ್ರೆ ಬೇಡ. ಇದು ಪಾಲಿಪ್ರೊಪಿಲೀನ್. ಇದರಲ್ಲಿ ಕ್ಲೋರಿನ್ ಇಲ್ಲ. ಅವರು ನೋಡುದು ಕ್ಲೋರಿನ್ ಮಾತ್ರ, ನಿನ್ನ ಬೆವರು ನೋಡುದಿಲ್ಲ. ಕೆಮಿಸ್ಟ್ರಿ ಕಲಿಸಿದ್ದು ನಾನಾ ನೀನಾ?"

ಜೋರಾಗಿಯೇ ಹೇಳಿದೆ, ಎಲ್ಲರಿಗೂ ಕೇಳಿಸುವ ಹಾಗೆ. ಹೆಂಗಸರು ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದರು. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಸರ್ ಹೇಳ್ತಾರಲ್ಲ, ಹಾಗಾದ್ರೆ ಇರ್ಲಿ," ಎಂದಳು. ಮನೆಯಲ್ಲಿ ಅವಳು ನನ್ನನ್ನು ಯಾವತ್ತೂ ಸರ್ ಎಂದವಳಲ್ಲ. ಚೀಲಗಳನ್ನು ಕತ್ತರಿಸಿ ಎಲ್ಲ ಕಟ್ಟುಗಳಿಗೂ ಹಂಚಿ ಹಾಕಿದರು.

ಗೆದ್ದೆನಲ್ಲ, ಸಮಾಧಾನವಾಗಬೇಕಿತ್ತು. ಆದರೆ ನಾನು ಹೊರಟಾಗ ಗಾಡಿಯವಳು ಇನ್ನೊಬ್ಬಳಿಗೆ ಹೇಳಿದ್ದು ಕಿವಿಗೆ ಬಿತ್ತು, "ಅಕ್ಕ ತೊಳೀಬೇಕು ಅಂದ್ರೆ ತೊಳೀಬೇಕಿತ್ತು. ಸರ್‌ಗೆ ಎಂತ, ಗೊತ್ತಿರುದು ಪುಸ್ತಕದ್ದು." ಆ ಮಾತು ಮನೆಯವರೆಗೂ ನನ್ನ ಜೊತೆಗೇ ಬಂತು.

ಮರುದಿನ ಬೆಳಿಗ್ಗೆ ಅವಳು ದೇವರಿಗೆ ಹೂ ಕೊಯ್ಯಲು ಹೋದಾಗ ನಾನು ಕತ್ತರಿ ತೆಗೆದುಕೊಂಡು ಊಟದ ಮೇಜಿನ ಹೊದಿಕೆಯ ಮೂಲೆ ಕತ್ತರಿಸಿದೆ. ಅದು ಮೆತ್ತನೆಯ ಪಿವಿಸಿ, ನೋಡಲು ದಪ್ಪ ಪಾಲಿಥೀನಿನ ಹಾಗೆಯೇ. ನನ್ನ ಉಪಾಯ ಇಷ್ಟೇ: ಇದನ್ನು ಅವಳು ಆರಿಸಿಟ್ಟ ರಾಶಿಯಲ್ಲಿ ಸೇರಿಸುವುದು, ಮರುದಿನ ಲಾರಿ ಹೊರಡುವ ಮೊದಲು ಎಲ್ಲರ ಮುಂದೆ ತಾಮ್ರದ ತಂತಿ ಹಿಡಿದು "ಎಲ್ಲಿ ನೋಡುವ" ಎಂದು ಇದನ್ನೇ ಎತ್ತಿ ಹಸಿರು ಜ್ವಾಲೆ ತೋರಿಸುವುದು. ಅಕ್ಕನ ಕಿವಿಗೂ ತಪ್ಪುತ್ತದೆ ಎಂದು ಆ ಐದು ಮಂದಿ ಒಮ್ಮೆ ನೋಡಲಿ, ಅಷ್ಟೇ ನನಗೆ ಬೇಕಾದದ್ದು. ಲೋಡು ಹಾಳಾಗಲಿ ಎಂದು ನಾನು ಬಯಸಿರಲಿಲ್ಲ. ಇದನ್ನು ನಂಬುವವರು ನಂಬಿ.

ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ರಾಶಿಯೊಳಗೆ ತುರುಕಿ ಬಂದೆ. ಯಾರೂ ನೋಡಲಿಲ್ಲ ಎಂದುಕೊಂಡೆ.

ಮರುದಿನ ನಾನು ಹೊಸ ತಂತಿ ತೆಗೆದುಕೊಂಡು ಶೆಡ್ಡು ಮುಟ್ಟುವಾಗ ಅಂಗಳ ಖಾಲಿ. ಲಾರಿ ಬೆಳಗಾಗುವಷ್ಟರಲ್ಲೇ ಬಂದು ತುಂಬಿಸಿಕೊಂಡು ಹೋಗಿತ್ತು. ಹೆಂಗಸರು ಚಹಾ ಕುಡಿಯುತ್ತ ಕೂತಿದ್ದರು. ಆಗಲೂ ಹೇಳಬಹುದಿತ್ತು. ಒಂದು ಫೋನು ಸಾಕಿತ್ತು. ಗಾಡಿಯವಳು ನನಗೂ ಒಂದು ಲೋಟ ಚಹಾ ಕೊಟ್ಟಳು. ಕುಡಿದು ಬಂದೆ.

ಆಮೇಲಿನ ಹತ್ತು ದಿನ ನಾನು ಪಟ್ಟ ಅವಸ್ಥೆ ಹೇಳಿ ಸುಖವಿಲ್ಲ. ಒಂದು ತುಂಡಿನಿಂದ ಇಡೀ ಲೋಡು ಕೆಡುವುದಿಲ್ಲ, ಅಷ್ಟು ವಿಜ್ಞಾನ ನನಗೆ ಗೊತ್ತು. ಆದರೆ ಪರೀಕ್ಷೆಗೆಂದು ಕೈ ಹಾಕಿದವರ ಮುಷ್ಟಿಗೆ ಅದೇ ತುಂಡು ಸಿಕ್ಕಿದರೆ? ಊಟಕ್ಕೆ ಕೂತಾಗೆಲ್ಲ ಆ ಕತ್ತರಿಸಿದ ಮೂಲೆಯ ಮೇಲೆ ನೀರಿನ ಚೊಂಬು ಇಡುತ್ತಿದ್ದೆ. ಅವಳು ಏನೂ ಕೇಳಲಿಲ್ಲ. ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಲೋಡು ಫೇಲಾದರೆ ಅವಳ ಮುಖ ಹೇಗಿರಬಹುದು ಎಂದು ಒಂದೆರಡು ಸಲ ಊಹಿಸಿಕೊಂಡೆ. ಊಹಿಸಿಕೊಂಡಾಗ ಹೊಟ್ಟೆ ತಣ್ಣಗಾಯಿತು. ಹಾಳು ಹೊಟ್ಟೆ.

ಫೋನು ಬಂದದ್ದು ಮಧ್ಯಾಹ್ನ, ಅವಳು ಹಲಸಿನ ಹಪ್ಪಳ ಕರಿಯುತ್ತಿದ್ದಳು. ಸ್ಪೀಕರಿಗೆ ಹಾಕಿ ಒಲೆ ಸಣ್ಣ ಮಾಡಿದಳು. ಇಂಜಿನಿಯರ ಧ್ವನಿ ತಗ್ಗಿತ್ತು.

"ಅಕ್ಕಾ, ಬೇಜಾರು ಮಾಡ್ಬೇಡಿ. ಕ್ಲೋರಿನ್ ಜಾಸ್ತಿ ಬಂದಿದೆ. ತೆಗೆದ ಎಲ್ಲಾ ಸ್ಯಾಂಪಲ್‌ಗಳಲ್ಲೂ ಬಂದಿದೆ. ಲೋಡು ವಾಪಸ್ ಕಳಿಸ್ತಾ ಇದ್ದೇವೆ. ನೀವು ಆರಿಸಿದ್ದು ತಪ್ಪಾಗ್ಲಿಕ್ಕಿಲ್ಲ, ಮತ್ತೆ ಹೇಗಾಯ್ತು ಅಂತ ಗೊತ್ತಾಗ್ತಾ ಇಲ್ಲ."

ನನ್ನ ಕೈಯಲ್ಲಿದ್ದ ಹಪ್ಪಳ ಅಲ್ಲೇ ನಿಂತಿತು.

"ತಪ್ಪು ನನ್ನದೇ," ಎಂದಳು ಅವಳು. "ಒಂದು ಮಾಲು ತೊಳೀದೆ ಹಾಕಿದೆ. ಬೇರೆಯವರದ್ದು ಎಂತದೂ ಇಲ್ಲ. ಇನ್ನೊಂದು ಸಲ ಅವಕಾಶ ಕೊಡಿ."

ಅತ್ತ ಕಡೆ ಯಾರೊಂದಿಗೋ ಮಾತಾಡಿದ ಸದ್ದು. "ಆಯ್ತು ಅಕ್ಕ. ಒಂದೇ ಸಲ. ಆಮೇಲೆ ನನ್ನ ಕೈಯಲ್ಲೂ ಇಲ್ಲ."

ಅವಳು ಫೋನಿಟ್ಟು ಮತ್ತೆ ಒಲೆ ದೊಡ್ಡದು ಮಾಡಿದಳು. ನನಗೆ ತಡೆಯಲಾಗಲಿಲ್ಲ.

"ತೊಳೆದದ್ದು ತೊಳೆಯದ್ದು ಅಲ್ಲ ಮಾರಾಯ್ತಿ. ನಾನು... ನಾನು ಒಂದು ಪಿವಿಸಿ ತುಂಡು ಅದರಲ್ಲಿ ಹಾಕಿದ್ದೆ."

ಅವಳು ಜಾಲರಿಯ ಹಪ್ಪಳವನ್ನು ಡಬ್ಬಕ್ಕೆ ಹಾಕಿ, ಕೈ ಒರೆಸಿ, ಸಾಸಿವೆ ಡಬ್ಬಗಳ ಹಿಂದಿನಿಂದ ಏನೋ ತೆಗೆದು ನನ್ನ ಮುಂದೆ ಹಿಡಿದಳು. ಮೇಜಿನ ಹೊದಿಕೆಯ ಮೂಲೆ. ಒಮ್ಮೆ ನಾನೇ ಬಿಸಿ ಕಾಫಿ ಪಾತ್ರೆ ಇಟ್ಟು ಸುಟ್ಟ ಅರ್ಧ ಉಂಗುರದ ಕಲೆ ಅದರ ಮೇಲೆ ಹಾಗೆಯೇ ಇತ್ತು.

"ಇದಾ? ಇದು ಅವತ್ತೇ ಸಿಕ್ಕಿದೆ. ಕೈ ಹಾಕಿದ ಕೂಡಲೇ ಸಿಕ್ಕಿತು. ನಮ್ಮ ಮನೆ ಮೇಜು ನನಗೆ ಗೊತ್ತಾಗುದಿಲ್ವಾ? ಇದು ಹೋಗ್ಲಿಲ್ಲ. ಹೋದದ್ದು ನೀವು ತೊಳೀಲಿಕ್ಕೆ ಬೇಡ ಅಂದ ಚೀಲ."

"ಅದರಲ್ಲಿ ಕ್ಲೋರಿನ್ ಎಲ್ಲಿಂದ..." ಎಂದು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದೆ. ಪೊಟ್ಯಾಷ್. ಪೊಟ್ಯಾಶಿಯಂ ಕ್ಲೋರೈಡ್. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದು. ವರ್ಷಕ್ಕೆರಡು ಸಲ ನನ್ನದೇ ಕೈಯಿಂದ ಅಡಿಕೆ ಬುಡಕ್ಕೆ ಎರಚಿದ್ದು. ಚೀಲದ ಜಾತಿ ನೋಡಿದೆ, ಚೀಲದೊಳಗೆ ಏನಿತ್ತೆಂದು ನೋಡಲಿಲ್ಲ. ಅದು ಉಪ್ಪು, ಉಪ್ಪಿನ ಹಾಗೆಯೇ ಬೆವರುತ್ತದೆ ಎಂದು ಹತ್ತನೇ ಕ್ಲಾಸು ಓದಿದವಳ ಬೆರಳಿಗೆ ಗೊತ್ತಾಗಿತ್ತು.

"ಇದು ಸಿಕ್ಕಿದಾಗ ಯಾಕೆ ಹೇಳ್ಲಿಲ್ಲ?" ಎಂದೆ.

"ಎಂತ ಹೇಳುದು? ಅಲ್ಲಿ ಐದು ಜನ ಇದ್ರು," ಎಂದಳು. "ಹಪ್ಪಳ ತಿನ್ನಿ, ಮೆತ್ತಗಾಗ್ತದೆ."

ಅವಳು ಬೈದಿದ್ದರೆ, ಎರಡು ದಿನ ಮಾತು ಬಿಟ್ಟಿದ್ದರೆ ನನಗೆ ಬದುಕಲು ಸುಲಭವಾಗುತ್ತಿತ್ತು. ದೊಡ್ಡತನದಲ್ಲೂ ಅವಳೇ ಮುಂದೆ ಹೋದಳಲ್ಲ ಎಂದು ಆಗಲೂ ಹೊಟ್ಟೆಯ ಮೂಲೆಯಲ್ಲಿ ಚುರುಕ್ ಎಂದಿತು.

ಲೋಡು ವಾಪಸ್ ಬಂತು. ಕಟ್ಟು ಬಿಚ್ಚಿ ಚೀಲದ ತುಂಡುಗಳನ್ನೆಲ್ಲ ಹೆಕ್ಕಿ ತೆಗೆದರು. ತೊಳೆಯುವುದು ನನ್ನ ಕೆಲಸ ಎಂದು ನಾನೇ ಹೇಳಿದೆ. ಚೀಲ ತೊಳೆಯಬೇಡ ಎಂದದ್ದು ನಾನೇ ಎಂದು ಹೆಂಗಸರೆದುರು ಒಪ್ಪಿಕೊಂಡೆ. ಮೇಜಿನ ತುಂಡಿನ ವಿಷಯ ಹೇಳಲು ಧೈರ್ಯ ಸಾಲಲಿಲ್ಲ. ಅವಳೂ ಹೇಳಲಿಲ್ಲ.

ಈ ಸಲ ಪುಸ್ತಕದ ವಿದ್ಯೆಯನ್ನೂ ಸುಮ್ಮನೆ ಬಿಡಲಿಲ್ಲ. ಸುಳ್ಯಕ್ಕೆ ಹೋಗಿ, ಹಳೆಯ ಪರಿಚಯದ ಮೇಲೆ ಕಾಲೇಜಿನ ಲ್ಯಾಬಿನಿಂದ ಒಂದು ಕಂದು ಬಾಟ್ಲಿಯಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣ ತಂದೆ. ನೀರಿನಲ್ಲಿ ಕ್ಲೋರೈಡ್ ಚೂರಿದ್ದರೂ ಸಾಕು, ಇದರ ಒಂದು ಹನಿ ಬಿದ್ದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನಮ್ಮ ಬಾವಿ ನೀರಿಗೆ ಹಾಕಿ ಮೊದಲೇ ನೋಡಿದ್ದೆ, ಏನೂ ಆಗುವುದಿಲ್ಲ. ಅಂದರೆ ಚೀಲ ತೊಳೆದ ನೀರು ಬೆಳ್ಳಗಾಗದಿದ್ದರೆ ಚೀಲ ಶುದ್ಧ. ಇದಕ್ಕೆ ಕಿವಿ ಸಾಲದು, ಬೆರಳು ಸಾಲದು. ಇದು ನನ್ನ ಜಾಗ.

ಆ ಲೋಡು ಪಾಸಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಈಗ ತಿಂಗಳಿಗೊಂದು ಲಾರಿ ಘಟ್ಟ ಹತ್ತುತ್ತದೆ, ಶೆಡ್ಡು ನಡೆಯುತ್ತಿದೆ, ಗಾಡಿಯವಳು ಗಾಡಿ ಓಡಿಸುತ್ತಿದ್ದಾಳೆ. ಆದರೆ ನಾನು ಹೇಳಬೇಕಾದದ್ದು ಚೀಲ ತೊಳೆದ ತೊಟ್ಟಿಯ ಬಳಿ ನಡೆದದ್ದು.

ಒಂದು ನೀರು, ಎರಡು ನೀರು ತೊಳೆದೆ. ಗಾಜಿನ ಲೋಟದಲ್ಲಿ ತೊಳೆದ ನೀರು ಹಿಡಿದು, ಹೆಂಗಸರನ್ನೆಲ್ಲ ಕರೆದು ನಿಲ್ಲಿಸಿ ಬಾಟ್ಲಿ ತೆರೆದೆ. ನನ್ನ ಹೆಂಡತಿ ಬಂದವಳೇ ತೊಟ್ಟಿಯ ನೀರಿಗೆ ಬೆರಳದ್ದಿ ನಾಲಿಗೆಯ ತುದಿಗೆ ತಾಗಿಸಿ ಉಗಿದಳು. ಮಾವಿನ ಮಿಡಿ ಉಪ್ಪಿಗೆ ಹಾಕುವಾಗ ನೋಡುತ್ತಾಳಲ್ಲ, ಹಾಗೆ.

"ಇನ್ನೂ ಎರಡು ನೀರು ಬೇಕು," ಎಂದಳು.

ನನ್ನ ಹನಿ ಆಮೇಲೆ ಬಿತ್ತು. ಲೋಟ ಬೆಳ್ಳಗಾಯಿತು. ಹೆಂಗಸರು 'ಓ' ಎಂದರು. ಯಾರಿಗೆ ಎಂದರೋ ನನಗೆ ಗೊತ್ತು.

ಮತ್ತೆರಡು ನೀರು ತೊಳೆದೆ. ಸೊಂಟ ಬಿದ್ದುಹೋಯಿತು. ಅವಳು ಬಂದು ಬೆರಳದ್ದಿ ನೋಡಿದಳು. "ಈಗ ಆಯ್ತು," ಎಂದು ಸೆರಗಿಗೆ ಕೈ ಒರೆಸಿ ಒಳಗೆ ಹೋದಳು. ಹೆಂಗಸರೂ ಅವಳ ಹಿಂದೆಯೇ ಹೋದರು, ಒಣಗಿಸಲು ಹಗ್ಗ ಕಟ್ಟುವುದಿತ್ತು. ನಾನೊಬ್ಬನೇ ಲೋಟ ಹಿಡಿದು ಹನಿ ಹಾಕಿದೆ. ನೀರು ತಿಳಿಯಾಗಿಯೇ ಇತ್ತು.

ಈ ಚೀಲಗಳಲ್ಲಿ ಉಪ್ಪು ಉಳಿದುಹೋದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಲೋಡು ಹೋಗುತ್ತದೆ, ಶೆಡ್ಡು ಹೋಗುತ್ತದೆ, ಆರು ಜನ ಮನೆಗೆ ಹೋಗುತ್ತಾರೆ. ಎಲ್ಲ ಗೊತ್ತಿದ್ದೂ ನಾನು ಇನ್ನೊಂದು ಹನಿ ಹಾಕಿದೆ. ಲೋಟವನ್ನು ಬೆಳಕಿಗೆ ಹಿಡಿದು, ಸ್ವಲ್ಪವಾದರೂ ಬೆಳ್ಳಗಾಗು, ಚೂರಾದರೂ ಆಗು ಎಂದು ಬಾಯಿಬಿಟ್ಟು ಹೇಳಿದೆ. ಮೂರನೆಯ ಹನಿ ಹಾಕುವಾಗ ಲೋಟದ ನೀರನ್ನೇ ನೋಡುತ್ತಿದ್ದೆ, ಅದು ಬೆರಳ ಮೇಲೆ ಬಿತ್ತು.

ಸಿಲ್ವರ್ ನೈಟ್ರೇಟ್ ಚರ್ಮದ ಮೇಲೆ ಬಿದ್ದರೆ ಕಪ್ಪಾಗುತ್ತದೆ, ಸೋಪಿಗೆ ಹೋಗುವುದಿಲ್ಲ. ಮರುದಿನ ಊಟಕ್ಕೆ ಬಡಿಸುವಾಗ ಅವಳು ನನ್ನ ಬೆರಳು ನೋಡಿದಳು. ಎಂತ ಆದದ್ದು ಎಂದು ಕೇಳಲಿಲ್ಲ. ಲೋಟ ಹಿಡಿದು ನಿಂತು ನಾನು ಹೇಳಿದ್ದು ಒಳಗೆ ಹಗ್ಗ ಕಟ್ಟುತ್ತಿದ್ದವಳಿಗೆ ಕೇಳಿಸಿತ್ತೋ ಇಲ್ಲವೋ ನಾನೂ ಕೇಳಿಲ್ಲ. ಆ ಕಿವಿಗೆ ಕೇಳಿಸದೆ ಇರಲಿಕ್ಕಿಲ್ಲ.